ಅಯ್ಯನವರು ಹಾರಿಸಿದ ಗುಂಡು

“ಗುಂಡು ಹಾರಿಸಿದ್ದು ಯಾರು?” ಎಂದು ಸಬ್ ಇನ್ಸ್‌ಪೆಕ್ಟರು ಕೇಳಿದರು.

“ನಾನ,” ಅಂದಳು ಚನ್ನಬಸವ್ವ.

“ನಾನರೀ,” ಅಂದ ಅವಳ ಗಂಡ ಗುರುಸಿದ್ದಯ್ಯ, ಅದೇ ಕ್ಷಣಕ್ಕೆ.

ಬರೆಯಲೆಂದು ತೆಗೆದಿದ್ದ ಪೆನ್ನನ್ನು ಸಬ್ ಇನ್ಸ್‌ಪೆಕ್ಟರು ಮತ್ತೆ ಕಿಸೆಗೆ ಸಿಕ್ಕಿಸಿಕೊಂಡರು. ಇನ್ನೂ ಮೂವತ್ತು ದಾಟಿರದ ಹುಡುಗ, ತುಮಕೂರು ಕಡೆಯವರು. ಧಾರವಾಡ ಸೀಮೆಗೆ ಬಂದು ವರ್ಷವೂ ತುಂಬಿರಲಿಲ್ಲ. ಅಂಗಳದಲ್ಲಿ ಹಾಕಿದ್ದ ಹೊರಸಿನ ಮೇಲೆ ಕೂತಿದ್ದ ಅವರು ಗಂಡನ ಮುಖವನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿದರು.

“ಹಾರಿರೋದು ಒಂದೇ ಗುಂಡು. ಇಬ್ಬಿಬ್ರು ಹೆಂಗ್ರೀ ಹಾರಿಸ್ತೀರಾ? ಒಳಗೆ ಹೋಗಿ ಮಾತಾಡ್ಕೊಂಡು ಬನ್ನಿ. ಅಲ್ಲೀವರೆಗೂ ನಾನು ಟೀ ಕುಡೀತೀನಿ. ಟೀ ಮುಗಿಯೋ ಹೊತ್ತಿಗೆ ಯಾರಾದ್ರೂ ಒಬ್ಬರು ಹಾರಿಸಿರಬೇಕು.”

ನಡೆದದ್ದು ಹಿಂದಿನ ದಿನ ಸಂಜೆ. ಹೆಬ್ಬಳ್ಳಿ ಊರು ದಾಟಿ ಹೊಲದಲ್ಲೇ ಕಟ್ಟಿಕೊಂಡ ಮನೆ ಅವರದು. ಸುತ್ತ ಕಡಲೆ, ಅದರಾಚೆ ಜೋಳ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲ. ಕೊಳವೆಬಾವಿಯ ಮೋಟರು ಸುಟ್ಟುಹೋಗಿತ್ತು. ಅದರ ವೈಂಡಿಂಗ್ ಮಾಡಿಸಲು ಗುರುಸಿದ್ದಯ್ಯ ಊರಿನ ಮೋಟರ್ ಮೆಕ್ಯಾನಿಕ್ ಅಲ್ಲಾವುದ್ದೀನನ ಟಂಟಂ ಗಾಡಿ ಹತ್ತಿ ಹುಬ್ಬಳ್ಳಿಗೆ ಹೋಗಿದ್ದ. ಮನೆಯಲ್ಲಿದ್ದವರು ಚನ್ನಬಸವ್ವ ಮತ್ತು ಬಿ.ಎ. ಕೊನೆಯ ವರ್ಷ ಓದುತ್ತಿದ್ದ ಮಗಳು ಉಮಾಶ್ರೀ, ಇಬ್ಬರೇ.

ದೀಪ ಹಚ್ಚುವ ಹೊತ್ತಿಗೆ ಬೈಕುಗಳ ಮೇಲೆ ಮೂವರು ಬಂದರು. “ಕುಡ್ಯಾಕ ನೀರ ಕೊಡ್ರಿ ಅಕ್ಕಾರ,” ಅಂದರು. ಚನ್ನಬಸವ್ವ ಒಂದು ತಂಬಿಗೆ ನೀರು, ಜೊತೆಗೆ ಬೆಲ್ಲದ ಚೂರು ತಂದಿಟ್ಟಳು. ಬಾಗಿಲಿಗೆ ಬಂದವರಿಗೆ ಬರಿ ನೀರು ಕೊಡುವ ರೂಢಿ ಅವಳ ತವರಿನಲ್ಲೂ ಇರಲಿಲ್ಲ, ಇಲ್ಲೂ ಇಲ್ಲ. ಒಬ್ಬ ಕುಡಿದ. ಇನ್ನೊಬ್ಬ ಕುಡಿಯದೆ ಬಾಗಿಲ ಚಿಲಕ ನೋಡುತ್ತ ನಿಂತ. ಮತ್ತೊಬ್ಬ ಹಿತ್ತಲ ಕಡೆ ನಡೆದ. ಅವನು ಮರೆಯಾಗಿ ಸ್ವಲ್ಪ ಹೊತ್ತಿಗೆ ಮನೆಯ ದೀಪ ಆರಿತು.

“ಕರೆಂಟ್ ಹೋತ ನೋಡ್ರಿ,” ಅಂದ ನೀರು ಕುಡಿದವನು, ನಗುತ್ತ. “ಒಳಗ ಯಾರ‍್ಯಾರ ಅದೀರಿ?”

ಬೆಲ್ಲ ಬಾಯಲ್ಲಿದ್ದಂತೆಯೇ ಅವನು ಹೊಸ್ತಿಲ ಕಡೆ ಬಂದ. ಅಂಗಿಯ ಹಿಂದಿನಿಂದ ಕಬ್ಬಿಣದ ರಾಡು ಹೊರಬಂತು.

ಆಮೇಲಿನದನ್ನು ಚನ್ನಬಸವ್ವ ಯೋಚಿಸಿ ಮಾಡಲಿಲ್ಲ. ಅವಳ ಕೈಕಾಲುಗಳೇ ಮಾಡಿದವು. ಬಾಗಿಲು ದೂಡಿ ಅಗಳಿ ಹಾಕಿದಳು. ಉಮಾಶ್ರೀ ಓಡಿಬಂದು ಬಾಗಿಲಿಗೆ ಬೆನ್ನು ಕೊಟ್ಟಳು. ಹಲಗೆಯ ಮೇಲೆ ರಾಡಿನ ಹೊಡೆತ ಬೀಳತೊಡಗಿತು. ಹಿತ್ತಲಿಗೆ ಹೋದವನೂ ಈ ಕಡೆಗೇ ಬಂದು ಒದೆಯತೊಡಗಿದ್ದ. ಚನ್ನಬಸವ್ವ ಸೊಂಟದ ಸಂಚಿಯಿಂದ ಕೀಲಿ ತೆಗೆದು, ಕಬ್ಬಿಣದ ಪೆಟ್ಟಿಗೆ ತೆರೆದು, ಕತ್ತಲಲ್ಲೇ ಬಂದೂಕಿಗೆ ಕಾಡತೂಸು ತುಂಬಿ, ಹಿತ್ತಲ ಬಾಗಿಲಿಂದ ಹೊರಬಿದ್ದು, ಗೋಡೆ ಸುತ್ತಿ ಅಂಗಳಕ್ಕೆ ಬಂದಳು. “ಏ!” ಅಂದಳು. ಮೂವರೂ ತಿರುಗಿದರು. ನಳಿಗೆಯನ್ನು ಆಕಾಶಕ್ಕೆ ಮಾಡಿ ಒಂದು ಗುಂಡು ಹಾರಿಸಿದಳು.

ಅವರು ಓಡಿ ಬೈಕು ಹತ್ತಿದ ಅವಸರಕ್ಕೆ ಒಬ್ಬನ ಚಪ್ಪಲಿ ಅಂಗಳದಲ್ಲೇ ಉಳಿಯಿತು.

ಫೋನ್ ಮಾಡಿ ಪೊಲೀಸರನ್ನು ಕರೆದವರು ತಾಯಿ ಮಗಳೇ. ಕಳ್ಳರು ಇನ್ನೂ ದೂರ ಹೋಗಿರಲಿಕ್ಕಿಲ್ಲ, ರಸ್ತೆ ಕಟ್ಟಿದರೆ ಸಿಕ್ಕಾರು ಎಂಬ ಆಸೆ. ಬೈಕಿನಲ್ಲಿ ಬಂದ ದಫೇದಾರ ಬಾಗಿಲ ಮೇಲಿನ ಗುರುತುಗಳಿಗೆ ಬ್ಯಾಟರಿ ಬಿಟ್ಟ. ಚಪ್ಪಲಿಯನ್ನು ಬೂಟುಗಾಲಿನಿಂದ ಬದಿಗೆ ಸರಿಸಿದ. “ಬಂದೂಕ ಯಾರ ಹೆಸರಿಲೆ ಐತಿ?” ಎಂದು ಕೇಳಿದ. ಅಲ್ಲಿಂದ ಮುಂದೆ ಕಳ್ಳರ ಮಾತು ಬರಲೇ ಇಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಬಂದಿಳಿದ ಗುರುಸಿದ್ದಯ್ಯನನ್ನು ದಫೇದಾರ ಬದಿಗೆ ಕರೆದ. “ಅಯ್ಯಾರ, ಲೈಸೆನ್ಸ ನಿಮ್ಮದು. ಅಮ್ಮಾರು ಹಾರಸ್ಯಾರ ಅಂದ್ರ ಅವರ ಮ್ಯಾಲೂ ಕೇಸು, ಕೀಲಿ ಅವರ ಕೈಯಾಗ ಕೊಟ್ಟ ನಿಮ್ಮ ಮ್ಯಾಲೂ ಕೇಸು. ಲೈಸೆನ್ಸೂ ಹೊಕ್ಕೈತಿ. ನಾಳೆ ಸಾಹೇಬ್ರು ಕೇಳಿದಾಗ ‘ನಾನ ಹಾರಿಸಿದೆ’ ಅಂದಬಿಡ್ರಿ. ಸಾಹೇಬ್ರು ಛಲೋ ಮನಷ್ಯಾ ಅದಾರ.”

ಸಾಹೇಬರು ಒಳ್ಳೆಯ ಮನುಷ್ಯರೇ. ಇಲ್ಲದಿದ್ದರೆ ಹೊರಸಿನ ಮೇಲೆ ಕೂತು ಟೀ ಕುಡಿಯುತ್ತ ಇವರಿಗೆ ಸಮಯ ಕೊಡುತ್ತಿರಲಿಲ್ಲ.

“ನಾ ಹೇಳೂದರ ಕೇಳ ಒಂದೀಟು,” ಗುರುಸಿದ್ದಯ್ಯ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಅಂದ. “ಬಂದೂಕ ಹೋತಂದ್ರ ಈ ಅಡವ್ಯಾಗ ನಾವು ಹೆಂಗ ಇರೂದು? ಅವರು ಮತ್ತ ಬಂದ್ರ?”

“ಬರ್ತಾರಲ್ಲ, ನೀವು ಇರದಾಗ ನೋಡೇ ಬರ್ತಾರ,” ಅಂದಳು ಚನ್ನಬಸವ್ವ. “ಆವಾಗ ನಾ ಏನ ಮಾಡ್ಲಿ? ‘ತಡೀರಿ ತಮ್ಮಾ, ನಮ್ಮ ಮನಿಯವರು ಹುಬ್ಬಳ್ಳ್ಯಾಗದಾರ, ಲೈಸೆನ್ಸ ಅವರದೈತಿ, ಅವರು ಬರೂತನಕ ಬಾಗಲಾ ಒಡೀಬ್ಯಾಡ್ರಿ’ ಅಂತ ಹೇಳ್ಲೇನು?”

“ಹಂಗಲ್ಲ…”

“ಹಂಗಲ್ಲಂದ್ರ ಹೆಂಗ, ಹೇಳ್ರಿ. ನಮ್ಮಪ್ಪನ ಬಂದೂಕ ಅದು.”

ಅದು ನಿಜ. ಚನ್ನಬಸವ್ವನ ತಂದೆ ಹುಬ್ಬಳ್ಳಿ ಕಡೆಯ ಸುಳ್ಳ ಎಂಬ ಊರಿನವರು. ಗಂಡುಮಕ್ಕಳಿರಲಿಲ್ಲ. ಬೆಳೆಗೆ ಬೀಳುವ ಕಾಡುಹಂದಿ ಓಡಿಸಲು ಹೋಗುವಾಗ ಈ ಒಬ್ಬಳೇ ಮಗಳನ್ನು ಜೊತೆಗೆ ಕರೆದೊಯ್ದು, ಲಂಗ ಉಡುವ ವಯಸ್ಸಿನಲ್ಲೇ ಬಂದೂಕು ಹಿಡಿಯಲು ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಲೈಸೆನ್ಸು ವರ್ಗ ಮಾಡಿಸಲು ಗಂಡ ಹೆಂಡತಿ ಕಚೇರಿಗೆ ಹೋದಾಗ, ಅಲ್ಲಿಯ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, “ಬಾಯಾರ ಹೆಸರಿಲೆ ಅಂದ್ರ ಸಾಹೇಬ್ರು ನೂರೆಂಟ ಪ್ರಶ್ನೆ ಕೇಳ್ತಾರ. ಅಳಿಯಂದಿರ ಹೆಸರಿಲೆ ಹಾಕ್ರಿ, ಲಗೂ ಆಕ್ಕೈತಿ,” ಅಂದಿದ್ದ. ಲಗೂ ಆಯಿತು. ಇಬ್ಬರೂ ಖುಷಿಯಿಂದಲೇ ಮನೆಗೆ ಬಂದಿದ್ದರು. ಬಂದೂಕು ಮನೆಯಲ್ಲಿದ್ದರಾಯಿತು, ಹೆಸರಲ್ಲೇನಿದೆ ಎಂದು ಆಗ ಚನ್ನಬಸವ್ವನಿಗೂ ಅನಿಸಿತ್ತು. ಗುರುಸಿದ್ದಯ್ಯ ಅದನ್ನು ಹಾರಿಸಿದ್ದು ಒಂದೇ ಸಲ. ಭುಜ ಬಾತು, ಕಿವಿ ಗುಂಯ್ಗುಡುತ್ತ ಮಲಗಿದವನು ಮತ್ತೆ ಅದರ ತಂಟೆಗೆ ಹೋಗಿರಲಿಲ್ಲ. ಆದರೆ ಪ್ರತಿ ಚುನಾವಣೆಗೂ ಬಂದೂಕನ್ನು ಗೋಣಿತಟ್ಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಠಾಣೆಯಲ್ಲಿಟ್ಟು ಬರುವವನು ಅವನೇ, ಎಲ್ಲ ಮುಗಿದ ಮೇಲೆ ಅಲೆದು ಅಲೆದು ಬಿಡಿಸಿಕೊಂಡು ಬರುವವನೂ ಅವನೇ.

“ಅಪ್ಪಾ, ಆತ್ಮರಕ್ಷಣೆಗೆ ಕಾಯ್ದೆದಾಗ ಹಕ್ಕ ಐತಿ,” ಅಂದಳು ಉಮಾಶ್ರೀ, ಮೊಬೈಲು ಮುಂದೆ ಹಿಡಿದು. “ನೋಡಿಲ್ಲೆ, ಕನ್ನಡದಾಗೇ ಬರದಾರ.”

“ಹೊರಗ ಹೋಗಿ ಸಾಹೇಬ್ರಿಗೆ ತೋರ್ಸವಾ.”

ಅವಳು ನಿಜವಾಗಿಯೂ ಹೋಗಿ ತೋರಿಸಿದಳು. ಸಬ್ ಇನ್ಸ್‌ಪೆಕ್ಟರು ಟೀ ಕಪ್ಪು ಕೆಳಗಿಟ್ಟು ಪೂರ್ತಿ ಓದಿದರು.

“ಕರೆಕ್ಟಾಗಿದೆಯಮ್ಮ. ಹಕ್ಕಿದೆ. ಯಾರಾದ್ರೂ ಮನೆಗೆ ನುಗ್ಗಿದರೆ ನಿಮ್ಮನ್ನ ನೀವು ಕಾಪಾಡ್ಕೋಬಹುದು.”

ಚನ್ನಬಸವ್ವ ಬಾಗಿಲಿಗೆ ಬಂದಿದ್ದಳು. “ಹಂಗಾರ ನಾನೂ ಅದನ್ನ ಮಾಡೇನ್ರಿ.”

“ಕಾಪಾಡ್ಕೊಂಡಿದ್ದು ತಪ್ಪಲ್ಲಮ್ಮ. ಬಂದೂಕು ಮುಟ್ಟಿದ್ದು ತಪ್ಪು.”

“ಮತ್ಯಾತರ್ಲೆ ಕಾಪಾಡಕೋಬೇಕಿತ್ರಿ?”

“ಕೈಯಲ್ಲಿ ಏನು ಸಿಗತ್ತೋ ಅದರಲ್ಲಿ.”

“ಕೈಯಾಗ ಬಂದೂಕ ಸಿಕ್ತಲ್ರಿ!”

ಗೋಡೆಗೆ ಒರಗಿ ನಿಂತಿದ್ದ ಅಲ್ಲಾವುದ್ದೀನನಿಗೆ ನಗು ತಡೆಯಲಾಗಲಿಲ್ಲ. ಪಂಚನಾಮೆಗೆ ಸಾಕ್ಷಿ ಬೇಕೆಂದು ದಫೇದಾರ ಅವನನ್ನು ಊರಿಂದ ಎಬ್ಬಿಸಿಕೊಂಡು ಬಂದಿದ್ದ. “ಅಮ್ಮಾರ, ಲಟ್ಟಣಗಿ ಹಿಡಕೊಂಡ ಹೋಗಬೇಕಿತ್ರಿ ನೀವು,” ಅಂದ. “ಅದಕ್ಕ ಇನ್ನೂ ಲೈಸೆನ್ಸ ಮಾಡಿಲ್ಲ.”

“ನೀ ಸುಮ್ನಿರಪಾ ಅಲ್ಲಾವುದ್ದೀನ. ನಿನಗ ನಗೀ ಬರ್ತೈತಿ.” ಚನ್ನಬಸವ್ವ ಮತ್ತೆ ಸಾಹೇಬರ ಕಡೆ ತಿರುಗಿದಳು. “ನಾ ಹೋದ ವರ್ಷ ನನ್ನ ಹೆಸರಿಗೊಂದು ಲೈಸೆನ್ಸ ಕೇಳಿ ಅರ್ಜಿ ಕೊಟ್ಟಿದ್ದೆರೀ. ಬಾಜೂ ಹೊಲದಾಗ ಕೇಬಲ್ ಕದ್ದ ಮ್ಯಾಲ. ನಿಮಗ ಜೀವಭಯ ಐತಿ ಅಂತ ಪುರಾವೆ ಏನು ಅಂತ ಕೇಳಿದ್ರು. ನನ್ನ ಕಡೆ ಏನೂ ಇರಲಿಲ್ಲ. ಈಗ ಬಂದೈತಿ ನೋಡ್ರಿ ಪುರಾವೆ, ಬಾಗಲದ ಮ್ಯಾಲ. ಈಗರ ಕೊಡ್ತಾರೇನು?”

ಸಬ್ ಇನ್ಸ್‌ಪೆಕ್ಟರು ಬಾಗಿಲ ಮೇಲಿನ ಗುರುತುಗಳನ್ನು ನೋಡಿದರು. ಎದ್ದು ಹೋಗಿ ಒಂದು ಗುರುತನ್ನು ಬೆರಳಿನಿಂದ ಮುಟ್ಟಿದರು ಕೂಡ.

“ನೀವೇ ಹಾರಿಸಿದ್ರಿ ಅಂತ ಬರೆದರೆ ನಿಮ್ಮ ಮೇಲೆ ಕೇಸಾಗತ್ತೆ. ಕೇಸಿದ್ದೋರಿಗೆ ಲೈಸೆನ್ಸು ಕೊಡಲ್ಲ,” ಅಂದರು ನಿಧಾನಕ್ಕೆ. “ನೀವು ಹಾರಿಸಲಿಲ್ಲ ಅಂತ ಬರೆದರೆ, ಯಜಮಾನರು ಇದಾರೆ, ಅವರೇ ಕಾಪಾಡ್ತಾರೆ, ನಿಮಗ್ಯಾಕೆ ಅಂತಾರೆ. ನಾನು ಕಾಯ್ದೆ ಮಾಡಿಲ್ಲಮ್ಮ. ನಿಮ್ಮ ಜಾಗದಲ್ಲಿ ನಮ್ಮಮ್ಮ ಇದ್ದಿದ್ರೂ ಇದನ್ನೇ ಹೇಳ್ತಿದ್ದೆ. ನಿಮ್ಮ ಹುಡುಗೀಗೆ ನಾಳೆ ಮದುವೆ ಅಂದಾಗ ತಾಯಿ ಕೋರ್ಟಿಗೆ ಅಲೀತಾಳೆ ಅನ್ನೋದು ಬೇಡ. ಯಜಮಾನರು ಹಾರಿಸಿದರು ಅಂದರೆ ಎಲ್ಲಾ ಮುಗೀತು. ಲೈಸೆನ್ಸಿದೆ, ಮನೆ ಮೇಲೆ ಬಿದ್ದಿದ್ರು, ಹಾರಿಸಿದರು. ಬಂದೂಕೂ ಉಳಿಯತ್ತೆ.”

ಚನ್ನಬಸವ್ವ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ರಾತ್ರಿಯಿಡೀ ನಿದ್ದೆಯಿಲ್ಲದ ಅವನ ಹಣೆಯ ವಿಭೂತಿ ಇವತ್ತು ಸೊಟ್ಟಗೆ ಬಿದ್ದಿತ್ತು. ಮಗಳ ಬೆನ್ನು ನೋಡಿದಳು. ಬಾಗಿಲು ಒತ್ತಿ ಹಿಡಿದಿದ್ದಕ್ಕೆ ಆ ಬೆನ್ನಿನಲ್ಲಿ ಅಗಳಿಯ ಗುರುತು ನೀಲಿಗಟ್ಟಿರುವುದು ಅವಳಿಗೆ ಗೊತ್ತಿತ್ತು.

“ಬರಕೋರಿ,” ಅಂದಳು. “ಅವರ ಹಾರಿಸಿದ್ರು.”

ದಫೇದಾರ ಅವಳ ಹೇಳಿಕೆ ಬರೆಯಲು ಚುರುಕಾಗಿ ಹಾಳೆ ತೆಗೆದ. ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದುವುದು ಅವನ ರೂಢಿ.

“‘…ಸದರಿ ಸಮಯದಲ್ಲಿ ನಾನು ಮನೆಯ ಒಳಗಡೆ ನನ್ನ ಮಗಳನ್ನು ತಬ್ಬಿಕೊಂಡು ಹೆದರಿ ಕುಳಿತಿದ್ದು…’”

“ಹೆದರಿ ಅಂತ ಯಾಕ ಬರದ್ರಿ?”

“ಹಂಗ ಬರೀತಾರರೀ ಅಮ್ಮಾರ.”

“ನಾ ಹೆದರಿಲ್ಲ. ಅದೊಂದ ತಗೀರಿ.”

“ಹೆದರದ ಮತ್ತ ಒಳಗ್ಯಾಕ ಕುಂತಿದ್ರಿ?” ದಫೇದಾರ ನಿಜವಾದ ಗೊಂದಲದಿಂದಲೇ ಕೇಳಿದ. “ಕಾರಣಾ ಬೇಕಲ್ರಿ ಅದಕ್ಕ.”

“ರೊಟ್ಟಿ ಬಡ್ಯಾಕತ್ತಿದ್ದೆ ಅಂತ ಬರೀರಿ.”

“ಬಾಗಲಾ ಒಡ್ಯಾಕತ್ತಾರ, ನೀವು ರೊಟ್ಟಿ ಬಡ್ಯಾಕತ್ತೀರಿ… ಕೋರ್ಟನ್ಯಾಗ ಯಾರರ ನಂಬತಾರೇನ್ರಿ?”

ಸಬ್ ಇನ್ಸ್‌ಪೆಕ್ಟರು ಕೈಯೆತ್ತಿದರು. “ಇರಲಿ ಬಿಡಮ್ಮ, ಒಂದು ಪದ.”

ಆ ಒಂದು ಪದ ಉಳಿಯಿತು. ಮುಂದಿನ ಸಾಲಿನಲ್ಲಿ ಗುರುಸಿದ್ದಯ್ಯನವರು ‘ಧೈರ್ಯ ತಂದುಕೊಂಡು’ ಬಂದೂಕಿನ ಸಮೇತ ಹೊರಗೆ ಬಂದರು. ದಫೇದಾರ ಅದನ್ನು ಓದುವಾಗ ಗುರುಸಿದ್ದಯ್ಯ ಕೆಮ್ಮಿದ.

ಈಗ ಅಲ್ಲಾವುದ್ದೀನನ ಸರದಿ ಬಂತು. ಅವನು ಸಹಿ ಮಾಡಲು ಪೆನ್ನು ಹಿಡಿದವನು ತಡೆದ. “ಸಾಹೇಬ್ರ, ಒಂದು ಮಾತ ಕೇಳ್ತೇನ್ರಿ. ನಿನ್ನಿ ಸಂಜಿಮುಂದ ಅಯ್ಯಾರು ಇಲ್ಲೆ ಇದ್ರು?”

“ಇದ್ರು.”

“ಹುಬ್ಬಳ್ಳ್ಯಾಗ ನನ್ನ ಬಾಜೂ ಕುಂತು ಗಿರಮಿಟ್ಟ ತಿಂದವರು ಯಾರ‍್ರಿ ಹಂಗಾರ?”

“ನೀವೊಬ್ರೇ ತಿಂದ್ರಿ.”

“ಎರಡೂ ಪ್ಲೇಟು ನಾನ ತಿಂದೆ?”

“ಹಸಿವಾಗಿತ್ತು ನಿಮಗೆ.”

“ರೊಕ್ಕಾ ಮಾತ್ರ ಅಯ್ಯಾರ ಕೊಟ್ಟಾರರೀ,” ಅನ್ನುತ್ತ ಅಲ್ಲಾವುದ್ದೀನ ಸಹಿ ಮಾಡಿದ. ಮಾಡಿದ ಮೇಲೆ ನಗಲಿಲ್ಲ. ಚನ್ನಬಸವ್ವನ ಕಡೆ ಒಮ್ಮೆ ನೋಡಿ, ಪೆನ್ನನ್ನು ಬೇಗ ಹಿಂದಕ್ಕೆ ಕೊಟ್ಟ.

ಒಂದು ಕೆಲಸ ಬಾಕಿ ಇತ್ತು. ಗುಂಡು ಹಾರಿಸಿದ ಜಾಗದಲ್ಲಿ, ಹಾರಿಸಿದ ರೀತಿಯಲ್ಲಿ ನಿಂತು ತೋರಿಸಬೇಕು. ಅದರ ಫೋಟೊ ಕಡತಕ್ಕೆ ಸೇರಬೇಕು. ದಫೇದಾರ ಪೆಟ್ಟಿಗೆಯಿಂದ ಬಂದೂಕು ತಂದು, ಮಡಚಿ, ನಳಿಗೆ ಖಾಲಿಯಿದೆಯೆಂದು ಎಲ್ಲರಿಗೂ ತೋರಿಸಿ, ಗುರುಸಿದ್ದಯ್ಯನ ಕೈಗೆ ಕೊಟ್ಟ.

ಗುರುಸಿದ್ದಯ್ಯ ಅದನ್ನು ಕೂಸು ಎತ್ತಿಕೊಂಡಂತೆ ಎರಡು ಕೈಯಲ್ಲಿ ಅಡ್ಡ ಹಿಡಿದ.

“ಹಾಗಲ್ಲ ಸ್ವಾಮಿ. ಹಾರಿಸಿದ್ರಲ್ಲ, ಹಾಗೆ.”

ಅವನು ಎತ್ತಿದ. ಹಿಡಿ ಹೆಗಲ ಮೇಲೇರಿ ಕಿವಿಗೆ ತಾಗಿತು. ಎಡಗೈ ಎಲ್ಲಿಡಬೇಕೆಂದು ತಿಳಿಯದೆ ನಳಿಗೆಯ ತುದಿಯನ್ನೇ ಹಿಡಿದುಕೊಂಡಿತು. ಕಣ್ಣು ಎರಡೂ ಮುಚ್ಚಿದ್ದವು.

ಮೊಬೈಲಿನಲ್ಲಿ ಫೋಟೊ ಹಿಡಿಯಲು ನಿಂತಿದ್ದ ಸಬ್ ಇನ್ಸ್‌ಪೆಕ್ಟರು ಕೈ ಇಳಿಸಿದರು. “ಈ ಫೋಟೊ ನೋಡಿದ ಯಾರೇ ಆದ್ರೂ ಇವರು ಈ ಜನ್ಮದಲ್ಲಿ ಬಂದೂಕು ಹಿಡಿದಿಲ್ಲ ಅಂತಾರೆ. ಕಣ್ಣು ಬಿಡಿ ಸ್ವಾಮಿ.”

“ಬಿಟ್ಟೇನ್ರಿ.”

“ಒಂದ ಬಿಟ್ಟೀರಿ,” ಅಂದ ಅಲ್ಲಾವುದ್ದೀನ ಮೆಲ್ಲಗೆ.

“ಎಡಗಾಲ ಮುಂದ ಇಡ್ರಿ,” ಚನ್ನಬಸವ್ವ ಕಟ್ಟೆಯ ಮೇಲಿಂದ ಅಂದಳು. ಅವನು ಬಲಗಾಲು ಮುಂದಿಟ್ಟ. “ಎಡಗಾಲ್ರೀ. ಹಿಡಿ ಹೆಗಲ ಮ್ಯಾಲಲ್ಲ, ಹೆಗಲ ಕೆಳಗ, ಸಂದನ್ಯಾಗ. ಗಟ್ಟಿ ಒತ್ತಕೋರಿ. ಗದ್ದ ಇಳಸ್ರಿ.” ಅವನು ಗದ್ದ ಇಳಿಸಿದಾಗ ನಳಿಗೆಯೂ ಇಳಿದು ಸೀದಾ ದಫೇದಾರನ ಹೊಟ್ಟೆಗೆ ನೆಟ್ಟಿತು. ಖಾಲಿ ಬಂದೂಕೇ ಆದರೂ ದಫೇದಾರ ಎರಡು ಹೆಜ್ಜೆ ಬದಿಗೆ ಹಾರಿದ.

“ಅಪ್ಪಾ, ಮ್ಯಾಲ, ಮ್ಯಾಲ!” ಅಂದಳು ಉಮಾಶ್ರೀ.

ಗುರುಸಿದ್ದಯ್ಯ ಬಂದೂಕನ್ನು ಮತ್ತೆ ಅಡ್ಡ ಹಿಡಿದುಕೊಂಡ. ಜನವರಿಯ ತಂಪಿನಲ್ಲೂ ಕುತ್ತಿಗೆ ಬೆವರಿತ್ತು. “ನನಗ ಆಗೂದಿಲ್ಲ,” ಅಂದ, ಯಾರಿಗೂ ಅಲ್ಲದಂತೆ. “ಫೋಟೋ ಬಿಟ್ಟರ ನಡ್ಯೂದಿಲ್ಲೇನ್ರಿ ಸಾಹೇಬ್ರ?”

“ನಡೆಯಲ್ಲ.”

“ಹಿಂದಿನಿಂದ ಹಿಡಿದ್ರ? ಮಾರಿ ಕಾಣದಂಗ?” ದಫೇದಾರ ಉಪಾಯ ಹೇಳಿದ.

“ಮುಖ ಕಾಣದಿದ್ರೆ ಯಾರು ಅಂತ ಗೊತ್ತಾಗಬೇಕಲ್ರೀ!” ಸಬ್ ಇನ್ಸ್‌ಪೆಕ್ಟರಿಗೂ ಈಗ ಸಿಟ್ಟು ಬಂದಿತ್ತು. ಯಾರ ಮೇಲೆಂದು ಅವರಿಗೇ ಗೊತ್ತಿರಲಿಲ್ಲ. “ಮತ್ತೊಂದು ಸಲ. ಎಡಗಾಲು ಮುಂದೆ. ಭುಜಕ್ಕೆ ಕೊಡಿ. ಮೇಲೆ ನೋಡಿ. ನೀವು ನಿನ್ನೆ ಮೂರು ಜನಾನ ಓಡಿಸಿದೀರಾ, ಸ್ವಾಮಿ. ಸ್ವಲ್ಪ ಹಾಗೆ ಕಾಣಿ.”

ಚನ್ನಬಸವ್ವ ಕಟ್ಟೆ ಇಳಿದು ಬಂದಳು. ಗಂಡನ ಕೈಯಿಂದ ಬಂದೂಕು ತೆಗೆದುಕೊಂಡಳು. ಅವನ ಬೆರಳುಗಳು ಅದನ್ನು ಕೂಡಲೇ ಬಿಟ್ಟವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನು ನಿಂತಿದ್ದ ಜಾಗದಿಂದ ನಾಲ್ಕು ಮಾರು ಈಚೆಗೆ, ಗೋಡೆಯ ಮೂಲೆಗೆ ನಡೆದು ನಿಂತಳು.

“ಇಲ್ಲಿಂದ,” ಅಂದಳು. “ಅಲ್ಲಿಂದಲ್ಲ.”

ಎಡಗಾಲು ತಾನಾಗಿ ಮುಂದೆ ಬಂತು. ಹಿಡಿ ಭುಜದ ಸಂದಿನಲ್ಲಿ ಕೂತಿತು. ನಳಿಗೆ ಮೇಲೆದ್ದು ನಿಂತಿತು, ಅಲುಗಲಿಲ್ಲ.

“ಅಮ್ಮಾ!” ಸಬ್ ಇನ್ಸ್‌ಪೆಕ್ಟರು ದನಿ ಏರಿಸಿದರು. “ಕೊಡಿ ಅದನ್ನ ಅವರ ಕೈಗೆ. ನನ್ನೆದುರಿಗೇ ಹಿಡೀತೀರಲ್ಲ, ನಾನು ನೋಡಿದ್ರೆ ಬರೀಬೇಕಾಗತ್ತೆ.”

“ನೋಡ್ರಿ ಹಂಗಾರ. ಬರೀರಿ.”

“ಹಠ ಮಾಡ್ಬೇಡಿ. ಈಗಷ್ಟೇ ಎಲ್ಲಾ ಸರಿಹೋಗಿದೆ.”

ಅವಳು ಕದಲಲಿಲ್ಲ. ಸಬ್ ಇನ್ಸ್‌ಪೆಕ್ಟರು ಮೊಬೈಲನ್ನು ಕಿಸೆಗೆ ಹಾಕಿಕೊಂಡು, ಮನೆಗೂ ಅವಳಿಗೂ ಬೆನ್ನು ಮಾಡಿ ಹೊಲದ ಕಡೆ ತಿರುಗಿ ನಿಂತರು. “ದಫೇದಾರ್ರೇ, ಈ ಕಡೆ ಬನ್ನಿ. ನೀವೂ ಕಣ್ರೀ, ಮೆಕ್ಯಾನಿಕ್ಕು. ನಾನು ಮತ್ತೆ ತಿರುಗೋದರೊಳಗೆ ಬಂದೂಕು ಯಜಮಾನರ ಕೈಲಿರಬೇಕು.”

ದಫೇದಾರ ಬಂದು ಅವರ ಪಕ್ಕ ನಿಂತ. ಅಲ್ಲಾವುದ್ದೀನ ಅನುಮಾನಿಸಿ, ಒಂದೆರಡು ಸಲ ತಲೆ ಕೆರೆದುಕೊಂಡು, ಅವನೂ ತಿರುಗಿದ. ಸಾಲಾಗಿ ನಿಂತ ಗಂಡಸರೆಲ್ಲ ಜನ್ಮದಲ್ಲಿ ಕಡಲೆಯ ಹೊಲವನ್ನೇ ನೋಡದವರ ಹಾಗೆ ಕಡಲೆಯನ್ನು ನೋಡತೊಡಗಿದರು.

“ಬೆಳಿ ಛಲೋ ಐತಿ,” ಅಂದ ದಫೇದಾರ.

“ಹೂಂ,” ಅಂದರು ಸಬ್ ಇನ್ಸ್‌ಪೆಕ್ಟರು.

ಅವರ ಬೆನ್ನ ಹಿಂದೆ ಗುರುಸಿದ್ದಯ್ಯ ಹೆಂಡತಿಯ ಎದುರಿಗೆ ಬಂದು ಎರಡೂ ಕೈ ಚಾಚಿದ. ಅಂಗೈಗಳು ಮೇಲ್ಮುಖವಾಗಿದ್ದವು. ಅವನ ಕಣ್ಣು ಅವಳ ಮುಖದ ಮೇಲಿತ್ತು. ಅವಳ ಕಣ್ಣು ನಳಿಗೆಯ ಮೇಲೆ, ನಳಿಗೆಯ ತುದಿಯ ಆಚೆ. ನಿನ್ನೆ ಬೈಕುಗಳು ಓಡಿಹೋದ ಹೊಲದ ದಾರಿ ಹೊರಳಿ ಡಾಂಬರು ರಸ್ತೆ ಸೇರುವ ಕಡೆಗೆ ಅವಳು ನಳಿಗೆಯನ್ನು ಬಹಳ ಸಾವಕಾಶವಾಗಿ, ಯಾವುದನ್ನೋ ಹಿಂಬಾಲಿಸುವ ಹಾಗೆ ತಿರುಗಿಸುತ್ತಿದ್ದಳು. ದಾರಿ ಖಾಲಿ ಇತ್ತು.

“ಆಯ್ತಾಮ್ಮಾ?” ಸಬ್ ಇನ್ಸ್‌ಪೆಕ್ಟರು ತಿರುಗದೆಯೇ ಕೇಳಿದರು.

ಗಾಳಿಗೆ ಕಡಲೆಯ ಗಿಡಗಳು ಒಂದು ಕಡೆಗೆ ಬಾಗಿ ಎದ್ದವು. ಗುರುಸಿದ್ದಯ್ಯನ ಕೈಗಳು ಚಾಚಿದಂತೆಯೇ ಇದ್ದವು.

“ಆಯ್ತಾ?”